ಮಲಗಿಸಿ ತೆಗೆದ ಅಳತೆ

ನಮ್ಮತ್ತೆಗೆ ಪಿತ್ತಕೋಶದಲ್ಲಿ ಕಲ್ಲು. ಒಂದಲ್ಲ, ನಾಲ್ಕು. ಆಪರೇಷನ್‌ಗೆಂದು ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಸೇರಿಸಿದ್ದೆ. ಒಂಬತ್ತೂವರೆಗೆಲ್ಲ ಅವರು ಬಟ್ಟೆ ಬದಲಿಸುವ ಕೋಣೆಯಿಂದ ತಮ್ಮದೇ ಬಟ್ಟೆಯಲ್ಲಿ, ಕೈಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದು, "ನಡಿಯೇ, ಮನೆಗೆ ಹೋಗೋಣ" ಅಂದರು.

ಒಳಗೆ ಅವರ ಕೈಗೆ ಕೊಟ್ಟಿದ್ದು ಆಸ್ಪತ್ರೆಯ ಗೌನು. ಮುಂದೆಲ್ಲ ಮುಚ್ಚಿದೆ. ಹಿಂದೆ ಕುತ್ತಿಗೆಯ ಹತ್ತಿರ ಒಂದು ಲಾಡಿ, ಅದರ ಕೆಳಗೆ ದೇವರೇ ಗತಿ. ಅದನ್ನು ತೊಟ್ಟು ಉದ್ದನೆಯ ಕಾರಿಡಾರು ದಾಟಬೇಕು, ಲಿಫ್ಟಿಗೆ ಕಾಯುವವರ ನಡುವೆ ನಿಲ್ಲಬೇಕು, ಮೂರನೇ ಮಹಡಿಗೆ ಹೋಗಬೇಕು. ಅತ್ತೆ ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಬೈಸಿಕೊಂಡವರೇ. ಆ ಶಿಷ್ಯಕೋಟಿಗೆ ಬೆನ್ನು ತೋರಿಸಿಕೊಂಡು ಹೋಗುವ ಬದಲು ನಾಲ್ಕು ಕಲ್ಲನ್ನೂ ಸಾಕಿಕೊಂಡಿರ್ತೀನಿ ಅಂತ ಅವರ ಹಟ.

ಸರ್ಜನ್ ಬಂದು ತಿಳಿಸಿ ಹೇಳಿದರು. ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ, ಇನ್ನು ಹದಿನೈದು ದಿನಕ್ಕೆ ಮತ್ತೊಂದು ದಿನಾಂಕ ಕೊಡ್ತೀನಿ, ಅದನ್ನು ಮಾತ್ರ ತಪ್ಪಿಸಬೇಡಿ ಅಂದರು. ಅತ್ತೆ ಮರ್ಯಾದೆಯಿಂದಲೇ ಎಲ್ಲ ಕೇಳಿಸಿಕೊಂಡು, "ಆಗಲಿ ಡಾಕ್ಟ್ರೇ, ಗೌನು ಸರಿಮಾಡಿಸಿಡಿ, ಬರ್ತೀನಿ" ಅಂದುಬಿಟ್ಟರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವಾರ್ಡಿನ ಹಿರಿಯ ಸಿಸ್ಟರ್ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಆಸ್ಪತ್ರೆಯಲ್ಲಿ ಹೊಸದಾಗಿ ರೋಗಿಗಳ ಸಮಿತಿ ಅಂತ ಮಾಡಿದ್ದಾರಂತೆ, ನಾಡಿದ್ದು ಸೇರ್ತದೆ, ಇದನ್ನೇ ಅಲ್ಲಿ ಬಂದು ಹೇಳಿ ಅಂದರು. ಆಮೇಲೆ ನನ್ನ ಹೊಲಿಗೆ ಅಂಗಡಿಯಿಂದ ಬರುವಾಗ ಕೊರಳಲ್ಲೇ ಮರೆತಿದ್ದ ಅಳತೆ ಟೇಪು ನೋಡಿ, ನೀವೂ ಬನ್ನಿ ಅಂತ ಸೇರಿಸಿದರು.

ಹೋದೆವು. ಎಕ್ಸ್‌ರೇ ಕೋಣೆಯ ಪಕ್ಕದ ಪುಟ್ಟ ಕೋಣೆ. ಆಡಳಿತಾಧಿಕಾರಿ ಆಗಲೇ ಒಂದು ಕಾಗದ ಅಚ್ಚು ಹಾಕಿಸಿಟ್ಟಿದ್ದರು: ರೋಗಿಗಳ ಅಭಿಪ್ರಾಯ ಪಡೆಯಲಾಗಿದೆ, ಎಲ್ಲರೂ ತೃಪ್ತರು. ಇನ್ನು ನಾವು ಸಹಿ ಹಾಕುವುದಷ್ಟೇ ಬಾಕಿ. ಅತ್ತೆ ಕನ್ನಡಕ ಏರಿಸಿ ಓದಿ, ಎರಡನೇ ಸಾಲಿನಲ್ಲಿ ಒಂದು ಅಕ್ಷರ ತಪ್ಪಿದೆ ಅಂತ ತೋರಿಸಿ, ಕಾಗದ ವಾಪಸು ಸರಿಸಿ, ಗೌನಿನ ಕಥೆ ಶುರುಮಾಡಿದರು.

ನಮ್ಮ ಜೊತೆ ಇನ್ನಿಬ್ಬರಿದ್ದರು. ಒಬ್ಬರು ರೇಡಿಯೋ ಮಾಮ. ರೇಡಿಯೋ ರಿಪೇರಿ ಅಂಗಡಿಯವರು, ಕಾಲುಗಳಲ್ಲಿ ಶಕ್ತಿ ಇಲ್ಲ, ಗಾಲಿಕುರ್ಚಿಯಲ್ಲೇ ಓಡಾಟ, ವಾರಕ್ಕೊಮ್ಮೆ ಚಿಕಿತ್ಸೆಗೆ ಬರುವವರು. ಇನ್ನೊಬ್ಬರು ಹೂವಿನಕ್ಕ. ಬೇರೆ ದೇಶದಿಂದ ಬಂದು ಆಸ್ಪತ್ರೆಯ ಎದುರಿಗೇ ಹೂವಿನಂಗಡಿ ಇಟ್ಟವರು. ಎರಡು ಹೆರಿಗೆಯೂ ಇಲ್ಲೇ ಆದದ್ದು. ಅವರ ಜನರ ರೂಢಿಯಂತೆ ತಲೆಯಿಂದ ಮಣಿಕಟ್ಟು, ಹಿಮ್ಮಡಿವರೆಗೂ ಬಟ್ಟೆ ಇರಬೇಕು. ನಮ್ಮ ಭಾಷೆ ಅವರಿಗೆ ವ್ಯಾಪಾರಕ್ಕೆ ಬೇಕಾದಷ್ಟು. ಮಿಕ್ಕಿದ್ದನ್ನೆಲ್ಲ ಕೈಯಲ್ಲೇ ಹೇಳುವವರು. ನಮಗೆ ಬಾಯಲ್ಲಿ ಹೇಳಲು ಆಗದ್ದನ್ನೂ ಅವರು ಕೈಯಲ್ಲಿ ಹೇಳಿಬಿಡುತ್ತಿದ್ದರು.

ಅತ್ತೆಯ ಕಥೆ ಮುಗಿಯುತ್ತಲೇ ಹೂವಿನಕ್ಕ ಎದ್ದು ನಿಂತು ಅಭಿನಯಿಸಿ ತೋರಿಸಿದರು. ಹೆರಿಗೆಗೆ ಬಂದಾಗ ಒಂದು ಗೌನನ್ನು ಸರಿಯಾಗಿ, ಅದರ ಮೇಲೆ ಇನ್ನೊಂದನ್ನು ಹಿಂದುಮುಂದಾಗಿ ತೊಟ್ಟಿದ್ದರಂತೆ. ರೇಡಿಯೋ ಮಾಮ ನಕ್ಕು, ತಾವು ಮನೆಯಿಂದಲೇ ದುಪ್ಪಟಿ ತಂದು ಸುತ್ತಿಕೊಳ್ಳೋದು ಅಂತ ಒಪ್ಪಿಕೊಂಡರು. ಒಬ್ಬೊಬ್ಬರೂ ಒಂದೊಂದು ಉಪಾಯ ಹೂಡಿದ್ದಾರೆ, ನಾಚಿಕೆ ತಮಗೊಬ್ಬರಿಗೇ ಅಂದುಕೊಂಡು ಸುಮ್ಮನಿದ್ದಾರೆ. ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಸಿಸ್ಟರ್ ಪೆನ್ನು ಕೆಳಗಿಟ್ಟರು. "ಹದಿನೆಂಟು ವರ್ಷದಿಂದ ಈ ಗೌನನ್ನ ನಾನೇ ಹಂಚ್ತಿದ್ದೀನಿ. ಒಬ್ಬರೂ ಹೇಳ್ಲಿಲ್ಲ ನೋಡಿ."

"ನೀವು ಕೇಳಿದ್ರೆ ತಾನೆ, ಸಿಸ್ಟರ್," ಅಂದರು ರೇಡಿಯೋ ಮಾಮ.

ಸೂಜಿ ಚುಚ್ಚಲು ತೋಳು ಸಿಗಬೇಕು, ಪರೀಕ್ಷೆಗೆ ಎದೆ ಸಿಗಬೇಕು, ಮಲಗಿದವರ ಮೈಮೇಲಿಂದ ಬಟ್ಟೆ ಸಲೀಸಾಗಿ ಬರಬೇಕು, ಎಲ್ಲ ಕಡೆಯೂ ಹೀಗೇ ಇರೋದು ಅಂತ ಅಧಿಕಾರಿಗಳು ಗೊಣಗಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದು ಸ್ಯಾಂಪಲ್ ಹೊಲಿದು ತರ್ತೀನಿ ಅಂದುಬಿಟ್ಟೆ.

ಇಪ್ಪತ್ತೆರಡು ವರ್ಷ ಹೊಲಿಗೆ ಹಾಕಿದ ಕೈ ಇದು. ಅತ್ತೆಯನ್ನು ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿ, ಉಸಿರು ಬಿಡಿ ಅಂತ ಹೇಳಿ ಅಳತೆ ತೆಗೆದೆ. ಹಿಂದೆ ಎರಡು ಪದರ ಒಂದರ ಮೇಲೊಂದು ಬರುವಂತೆ ಕತ್ತರಿಸಿ, ಪಕ್ಕದಲ್ಲಿ ಗಂಟು ಬರುವಂತೆ ಲಾಡಿ ಕೊಟ್ಟೆ. ತೋಳು ಉದ್ದಕ್ಕೂ ಬಿಚ್ಚಿಕೊಳ್ಳಲಿ ಅಂತ ಪ್ರೆಸ್ ಬಟನ್ ಹಾಕಿದೆ. ಅತ್ತೆ ತೊಟ್ಟು ತಿರುಗಿ ತಿರುಗಿ ನೋಡಿಕೊಂಡು, ಪರವಾಗಿಲ್ಲ ಅಂದರು. ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ಚಿನ್ನದ ಪದಕ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಎರಡನೇ ಸಭೆಯ ಹೊತ್ತಿಗೆ ಆಪರೇಷನ್‌ಗೆ ಮೂರೇ ದಿನ. ಅತ್ತೆ ಗೌನು ತೊಟ್ಟು ಕೋಣೆಯ ಉದ್ದಕ್ಕೂ ನಡೆದು ತೋರಿಸಿದರು. ಅಧಿಕಾರಿಗಳೇ ತಲೆದೂಗಿದರು. ಆಗ ರೇಡಿಯೋ ಮಾಮ, ಇಲ್ಲಿ ಕೊಡಮ್ಮ, ನಾನೂ ಒಂದು ಕೈ ನೋಡ್ತೀನಿ ಅಂತ ಅಂಗಿಯ ಮೇಲೇ ತೊಟ್ಟುಕೊಂಡರು. ಮುಂದಿನ ಬಟ್ಟೆಯೆಲ್ಲ ಮಡಿಲಲ್ಲಿ ಗುಡ್ಡೆಯಾಯಿತು. ಹಿಂದಿನ ಪದರ ಸೊಂಟದ ಕೆಳಗೆ ಮುದ್ದೆಯಾಯಿತು. ಪಕ್ಕದ ಲಾಡಿ ಹೋಗಿ ಗಾಲಿಗೆ ಸುತ್ತಿಕೊಂಡಿತು. ಹೂವಿನಕ್ಕ ಅದನ್ನೇ ತೊಟ್ಟು ಗೋಡೆ ಬದಿಯಲ್ಲಿದ್ದ ಪರೀಕ್ಷೆಯ ಮಂಚದ ಮೇಲೆ ಮಲಗಿದರೆ ಗಂಟು ಪಕ್ಕೆಲುಬಿಗೆ ಒತ್ತಿತು, ಮಗ್ಗುಲಾದರೆ ಪದರ ಮಂಡಿವರೆಗೂ ಜಾರಿತು. ಸಾಲದ್ದಕ್ಕೆ ಸಿಸ್ಟರ್ ಬಟನ್ ಮುಟ್ಟಿ ನೋಡಿ, ಇದು ಲೋಹ, ಸ್ಕ್ಯಾನ್ ಕೋಣೆಗೆ ಬಿಡಲ್ಲ ಅಂದರು.

ರೇಡಿಯೋ ಮಾಮ ಗಾಲಿಯಿಂದ ಲಾಡಿ ಬಿಡಿಸಿಕೊಳ್ಳುತ್ತಾ ಮೆಲ್ಲಗೆ ಕೇಳಿದರು: "ತಂಗೀ, ಆಸ್ಪತ್ರೆಗೆ ಯಾರಮ್ಮ ನಿಂತ್ಕೊಳ್ಳೋಕೆ ಬರ್ತಾರೆ?"

ನಾನು ನಾಲಿಗೆ ಕಚ್ಚಿಕೊಂಡೆ. ಅದುವರೆಗೂ ಸಾವಿರಾರು ಜನರ ಅಳತೆ ತೆಗೆದಿದ್ದೇನೆ, ಒಬ್ಬರನ್ನೂ ಕೂರಿಸಿ ತೆಗೆದದ್ದಿಲ್ಲ. ಅಧಿಕಾರಿಗಳು ನಿರಾಳವಾಗಿ, ಹಾಗಾದರೆ ಸದ್ಯಕ್ಕೆ ಹಳೆಯದೇ ಇರಲಿ ಅಂತ ಫೈಲು ಮುಚ್ಚಿದರು. ಅತ್ತೆ, ಹಾಗಾದರೆ ಸದ್ಯಕ್ಕೆ ನಾನೂ ಮನೆಯಲ್ಲೇ ಇರ್ತೀನಿ ಅಂದರು. ಹಿಂದಿನ ದಿನವಷ್ಟೇ ಪಕ್ಕೆ ಹಿಡಿದುಕೊಂಡು ಬೆವರಿದ್ದರು. ಅಲ್ಲೇ ಮೂವರ ಮುಂದೆಯೂ ಕೈಮುಗಿದೆ: ನಾಳೆ ನನ್ನ ಅಂಗಡಿಗೆ ಬನ್ನಿ, ನಿಮ್ಮ ಅಳತೆ ಕೊಡಿ.

ಮಾರನೇ ದಿನ ನನ್ನ ಅಂಗಡಿ ವಾರ್ಡೇ ಆಯಿತು. ಬಟ್ಟೆ ಕತ್ತರಿಸುವ ಮೇಜು ಖಾಲಿಮಾಡಿ, ಮೇಲೆ ಕಂಬಳಿ ಹಾಸಿ, ಮೊದಲು ಅತ್ತೆಯನ್ನು ಮಲಗಿಸಿದೆ. ಬಟ್ಟೆ ಹೊಲಿಸಲು ಬಂದವರು ಬಾಗಿಲಲ್ಲೇ ಹೌಹಾರಿ ನಿಂತರೆ ಅತ್ತೆ ಮಲಗಿದಲ್ಲಿಂದಲೇ, ಬನ್ನಿ ಬನ್ನಿ, ನಾನಿನ್ನೂ ಇದ್ದೀನಿ ಅನ್ನುತ್ತಿದ್ದರು. ಮಗ್ಗುಲಾಗಿಸಿ ಒಂದು ಅಳತೆ, ಮಂಡಿ ಮಡಿಸಿ ಇನ್ನೊಂದು. ರೇಡಿಯೋ ಮಾಮನ ಕುರ್ಚಿಯ ಸುತ್ತ ಮಂಡಿಯೂರಿ ಸೊಂಟದಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ ಬೇರೆ ಬೇರೆ ಅಳೆದೆ. ಕೂತವರ ಮೈ ನಿಂತವರ ಮೈಯಲ್ಲವೇ ಅಲ್ಲ! ಸಿಸ್ಟರ್ ಊಟದ ಬಿಡುವಿನಲ್ಲಿ ಓಡಿಬಂದು, ಖಾಲಿ ಡ್ರಿಪ್ ನಳಿಕೆ ತೋಳಿಗೆ ಅಂಟಿಸಿ ಅದು ಎಲ್ಲಿ ಹಾಯುತ್ತದೆ ಅಂತ ತೋರಿಸಿದರು.

ಬಟನ್ ಇಲ್ಲದೆ ತೋಳು ಬಿಚ್ಚುವುದು ಹೇಗೆ ಅಂತ ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಹೂವಿನಕ್ಕ ನನ್ನ ಕೈಯಿಂದ ಬಟ್ಟೆಚೂರು ಕಸಿದುಕೊಂಡರು. ಹೂಗುಚ್ಛ ಕಟ್ಟುವ ಬೆರಳುಗಳು. ಹೆಗಲಿಂದ ಮಣಿಕಟ್ಟಿನವರೆಗೆ ತೋಳನ್ನು ಸೀಳಿದಂತೆ ಮಡಿಸಿ, ಒಂದಂಚನ್ನು ಇನ್ನೊಂದರ ಮೇಲೆ ತಂದು, ಅಲ್ಲಲ್ಲಿ ಬಟ್ಟೆಯದೇ ಪಟ್ಟಿಯಿಂದ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ ತೋರಿಸಿದರು. ಬೇಕಾದಷ್ಟೇ ಬಿಚ್ಚಬಹುದು, ಮಿಕ್ಕ ತೋಳು ಮುಚ್ಚಿಯೇ ಇರುತ್ತದೆ. ನಾನು ಬಾಯಿಬಿಟ್ಟುಕೊಂಡು ನೋಡಿದೆ. ಸೊಂಟದ ಲಾಡಿಯನ್ನು ಹೊಟ್ಟೆಯ ಮೇಲಕ್ಕೆ ತಂದೆ, ಪದರವನ್ನು ಎರಡು ಗೇಣು ಅಗಲ ಮಾಡಿದೆ. ಕೂತವರಿಗೆಂದೇ ಹಿಂದೆ ಗಿಡ್ಡವಾದ ಇನ್ನೊಂದು ಬಗೆ ಹೊಲಿದೆ. ಸಿಸ್ಟರ್ ಅದನ್ನೆಲ್ಲ ಅಧಿಕಾರಿಗಳಿಗೆ ಒಯ್ದು ತೋರಿಸಿ, ಒಂದು ಗೌನಿಗೆ ಒಪ್ಪಿಗೆ ತಂದರು. ಒಬ್ಬ ರೋಗಿ, ಒಂದು ಸಲ, ಪ್ರಯೋಗಕ್ಕೆ.

ಆಪರೇಷನ್ ದಿನ ಅತ್ತೆ ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು, ರೇಡಿಯೋ ಮಾಮ, ಹೂವಿನಕ್ಕ ಮೂವರೂ ಹೊರಗೆ ಫಲಿತಾಂಶ ಕಾಯುವ ಮಕ್ಕಳ ಹಾಗೆ. ಐದು ನಿಮಿಷವಾಯಿತು. ಏನೂ ಸದ್ದಿಲ್ಲ. ಕೈಚೀಲ ಹೆಗಲಿಗೇರಿಸಿಕೊಂಡೇ ಬರ್ತಾರೆ ನೋಡಿ ಅಂತ ನಾನು ಪಿಸುಗುಟ್ಟಿದೆ.

ಬಾಗಿಲು ತೆರೆಯಿತು. ಕೊರಳಿಂದ ಹಿಮ್ಮಡಿವರೆಗೂ ತಿಳಿನೀಲಿ. ಬೆನ್ನು ಭದ್ರ. ಸಿಸ್ಟರ್ ತಂದ ಗಾಲಿಕುರ್ಚಿ ಬೇಡವೆಂದು ಅತ್ತೆ ಕಾರಿಡಾರಿನ ಉದ್ದಕ್ಕೂ ನಡೆದೇ ಹೊರಟರು, ಅದೂ ಅವಸರವಿಲ್ಲದೆ. ಲಿಫ್ಟಿನ ಹತ್ತಿರ ಹಳೆಯ ಶಿಷ್ಯನೊಬ್ಬ ಗಡಬಡಿಸಿ ಎದ್ದು ನಮಸ್ಕಾರ ಟೀಚರ್ ಅಂದ. ನಿಂತು ಅವನ ಸಂಸಾರದ ಸುದ್ದಿಯನ್ನೆಲ್ಲ ವಿಚಾರಿಸಿದರು. ಮೇಲೆ ಆಪರೇಷನ್ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಅಂತ ಸಿಸ್ಟರ್ ಅಂಗಲಾಚಿದ ಮೇಲೇ ಲಿಫ್ಟು ಹತ್ತಿದ್ದು.

ಮೂರನೇ ಮಹಡಿಯ ಬಾಗಿಲಲ್ಲಿ ಸರ್ಜನ್ ಎದುರುಬಂದರು. ಗೌನನ್ನು ಮೇಲಿಂದ ಕೆಳಗೆ ನೋಡಿ, ತೋಳು ಎಲ್ಲಮ್ಮಾ ಬಿಚ್ಚೋದು ಅಂತ ತಡಕಾಡಿದರು. ಅತ್ತೆ ಅವರ ಕೈಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ, ಮೊಣಕೈ ಹತ್ತಿರದ ಒಂದೇ ಒಂದು ಗಂಟನ್ನು ತಾವೇ ಎಳೆದು, ತೋಳು ಮುಂದೆ ಚಾಚಿದರು.

"ಇಷ್ಟು ಸಾಕಲ್ವಾ ಡಾಕ್ಟ್ರೇ? ನಡೀರಿ, ಕಲ್ಲು ತೆಗೀರಿ."