ಒಬ್ಬಳಿಗೆಷ್ಟು ಅಕ್ಕಿ?

ಅಜ್ಜಿಯರ ಕಥೆಗಳಲ್ಲಿ ರಾಜಕುಮಾರಿ ಏಳು ಸಮುದ್ರ ದಾಟಿ ಒಬ್ಬಳೇ ಹೋಗುತ್ತಾಳೆ. ದಾರಿಯಲ್ಲಿ ಏನು ಬೇಯಿಸಿಕೊಂಡು ಉಂಡಳು ಎಂದು ಮಾತ್ರ ಯಾವ ಅಜ್ಜಿಯೂ ಹೇಳುವುದಿಲ್ಲ. ತಳಕಲ್ ಊರಿನ ಗೀತಾ ಸಮುದ್ರವನ್ನೇನೂ ದಾಟಲಿಲ್ಲ. ಬಸ್ಸು ಹತ್ತಿ ಕೊಪ್ಪಳಕ್ಕೆ ಬಂದು, ಡಿಗ್ರಿ ಓದಲು ಒಂದು ಬಾಡಿಗೆ ಖೋಲಿ ಹಿಡಿದಳು. ಅವಳ ಕಷ್ಟ ಶುರುವಾದದ್ದು ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ.

"ಯಕ್ಕಾ, ಎರಡ ಟೊಮ್ಯಾಟೊ ಕೊಡ್ರಿ."

ಮಾರುವ ರೇಣುಕಮ್ಮ ತಕ್ಕಡಿ ಕೆಳಗಿಟ್ಟು ನೋಡಿದಳು. "ಎರಡ? ನಿಮ್ಮ ಮನ್ಯಾಗ ಗೊಂಬಿ ಮದುವಿ ಐತೇನವಾ?"

ಸುತ್ತಲಿದ್ದವರು ನಕ್ಕರು. ಗೀತಾ ನಾಚಿಕೊಂಡು ಇಡೀ ಗುಂಪಿ ಟೊಮ್ಯಾಟೊ ತೆಗೆದುಕೊಂಡಳು, ಒಬ್ಬಳಿಗೆ ಮುಗಿಯದಷ್ಟು ದೊಡ್ಡ ಕ್ಯಾಬೇಜನ್ನೂ ಹೊತ್ತು ತಂದಳು. ಆ ಕ್ಯಾಬೇಜು ಸೋಮವಾರ ಪಲ್ಯವಾಯಿತು. ಮಂಗಳವಾರವೂ ಪಲ್ಯವಾಯಿತು. ಬುಧವಾರ ಸಾರಿನಲ್ಲಿ ಮುಳುಗಿತು. ಗುರುವಾರ ಮೂಲೆಯಿಂದ ವಾಸನೆ ಬಿಟ್ಟು, ತಾನಿನ್ನೂ ಮುಗಿದಿಲ್ಲ ಎಂದು ತಿಳಿಸಿತು.

ಅನ್ನದ್ದೂ ಅದೇ ಪಾಡು. ಅವಳ ಕೈಗೆ ಗೊತ್ತಿದ್ದದ್ದು ತುಂಬಿದ ಮನೆಯ ಅಳತೆ. ಉಳಿದದ್ದನ್ನು ಉಂಡು ಉಂಡು ಬೇಸತ್ತ ಗೀತಾ ಕೊನೆಗೆ ಒಲೆಗೇ ಕೈಮುಗಿದಳು. ಬೆಳಿಗ್ಗೆ ಚಹಾ ಬಿಸ್ಕೀಟು, ಮಧ್ಯಾಹ್ನ ಮಿರ್ಚಿ ಭಜಿ, ರಾತ್ರಿ ಮತ್ತೆ ಚಹಾ ಬಿಸ್ಕೀಟು.

ಒಂದು ದಿನ ಕ್ಲಾಸಿನಲ್ಲೇ ತಲೆಸುತ್ತಿ ಬಿದ್ದಳು. ರಕ್ತ ಕಡಿಮೆಯಾಗಿದೆ ಎಂದರು ಡಾಕ್ಟರು. ಸುದ್ದಿ ತಳಕಲ್ ಮುಟ್ಟಿತು. ಅಪ್ಪ ಹನುಮಣ್ಣ ತನ್ನ ತಾಯಿ ಹುಲಗಮ್ಮನನ್ನು ಬಸ್ಸು ಹತ್ತಿಸಿದ. "ಪೆಟಗಿ ಸಮೇತ ಕರಕೊಂಡ ಬಾ ಯವ್ವಾ. ಓದಿದ್ದು ಸಾಕು."

ಅಜ್ಜಿ ಖೋಲಿಯೊಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು. "ಇಲಿ ಸತ್ತೈತೇನಬೇ?"

"ಇಲ್ಲ ಆಯಿ, ಕೊಳತ ಕ್ಯಾಬೇಜು."

"ಒಂದ ಹೊಟ್ಟಿಗೆ ಅನ್ನ ಕುದಿಸಾಕ ಬರದಾಕಿ ಡಿಗ್ರಿ ತಗೊಂಡು ಏನ ಮಾಡ್ತಿ? ಅರಿವಿ ಕಟ್ಟು, ನಡಿ ಊರಿಗೆ."

"ಪರೀಕ್ಷಾ ಹತ್ರ ಬಂದೈತಿ, ಆಯಿ!" ಗೀತಾಳ ಕಣ್ಣು ತುಂಬಿ ಬಂತು.

ಪಕ್ಕದ ಖೋಲಿಯ ಜೈನಾಬೀ ಬಾಗಿಲಲ್ಲಿ ಇಣುಕಿದಳು. ಕುಷ್ಟಗಿಯವಳು, ನರ್ಸಿಂಗ್ ಓದುತ್ತಿದ್ದಾಳೆ. "ಆಯಿ, ಊಟ ಬಿಟ್ಟಿದ್ದು ಆಕಿ ತಪ್ಪ. ಆದ್ರ ಒಬ್ಬಾಕಿಗೆ ಅಡಿಗಿ ಮಾಡೂದು ಅಷ್ಟ ಸಸಾರ ಅಲ್ರಿ."

"ಹೋಗಬೇ! ನಾ ಹತ್ತ ಮಂದಿಗೆ ಮಾಡಿ ಹಾಕೀನಿ."

"ಹತ್ತ ಮಂದಿಗೆ ಮಾಡೀರಿ. ಒಬ್ಬಾಕಿಗೆ ಮಾಡಿ ತೋರಸ್ರಿ. ಸರಿ ಬಂದ್ರ ನಾನ ಪೆಟಗಿ ಹೊತ್ತು ಬಸ್‌ಸ್ಟ್ಯಾಂಡಿಗೆ ಬರ್ತೀನಿ."

ಅಜ್ಜಿ ಸೆರಗು ಸಿಗಿಸಿದಳು. ಪಾತ್ರೆಗೆ ಒಂದು ಹಿಡಿ ಅಕ್ಕಿ ಬಿತ್ತು. "ಇದು ಗೀತಾಗ." ಇನ್ನೊಂದು ಬಿತ್ತು. "ಇದು ದೇವಿ ಹುಲಿಗೆಮ್ಮನ ಹೆಸರೀಲೆ." ಮತ್ತೊಂದು. "ಇದು ಬಂದವ್ರಿಗೆ." ಮಗದೊಂದು. "ಗಡಿಗಿ ತಳ ಕಾಣಬಾರದು, ಅದಕ್ಕ."

ಐದನೆಯ ಹಿಡಿಯೂ ಬಿತ್ತು. "ಮತ್ತ ಇದ್ಯಾಕ್ರಿ?" ಎಂದಳು ಜೈನಾಬೀ.

"ಕೈ ತಾನ ಹೋತು. ಸುಮ್ನಿರ ನೀ."

ಅನ್ನ ಉಬ್ಬಿತು. ಮುಚ್ಚಳ ಎದ್ದು ನಿಂತಿತು. ಅಗಳು ಒಲೆಯ ಮೇಲೆ ಇಳಿದವು. ಅರ್ಧ ತೋಡಿ ಬೇರೆ ಪಾತ್ರೆಗೆ ಹಾಕಿದರೆ ಅದೂ ತುಂಬಿತು.

"ಆಯಿ, ಬಂದವ್ರು ಎಲ್ಲದಾರ್ರಿ?"

ಅಜ್ಜಿ ಬಾಗಿಲ ಕಡೆ ನೋಡಿದಳು. ಯಾರೂ ಇಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. "ಹುಟ್ಟಾ ಒಲಿ ಮುಂದ ಕುಂತೀನಿ. ಒಂದ ಹೊಟ್ಟಿ ಅಳತಿ ನನಗೂ ತಿಳೀಲಿಲ್ಲ ನೋಡವಾ!"

ಇಷ್ಟು ಅನ್ನ ಚೆಲ್ಲುವುದುಂಟೇ? ಅಜ್ಜಿ ಪಡಸಾಲೆಗೆ ಬಂದು ಕೂಗಿದಳು: "ಉಣ್ಣಾಕ ಬರ್ರೇ ಹುಡುಗ್ಯಾರಾ!" ಎದುರು ಖೋಲಿಯ ಶ್ವೇತಾ ಬಂದಳು, ಕೈಯಲ್ಲಿ ಬಿಸ್ಕೀಟು. ಆಚೆ ಖೋಲಿಯವಳು ಬಂದಳು, ಅವಳ ಕೈಯಲ್ಲೂ ಬಿಸ್ಕೀಟು.

"ನೀವೂ ಒಲಿ ಹಚ್ಚೂದಿಲ್ಲೇನ?"

"ಒಬ್ಬಾಕಿಗೆ ಏನ ಮಾಡೂದ್ರಿ, ಆಯಿ?"

ಜೈನಾಬೀ ತಾಟು ಹಾಕುತ್ತಲೇ ಹೇಳಿದಳು. "ಅದಕ್ಕ ಪಾಳಿ ಹಚ್ಚೋಣು. ಇವತ್ತ ಒಂದ ಖೋಲ್ಯಾಗ ಅಡಿಗಿ, ನಾಳಿ ಇನ್ನೊಂದರಾಗ. ಒಂದ ಗುಂಪಿ ಕಾಯಿಪಲ್ಲೆ ತಂದ್ರ ನಾಲ್ಕೂ ಮಂದಿಗೆ ಆಗತೈತಿ, ಕೊಳ್ಯೂದಿಲ್ಲ. ಒಬ್ಬಾಕೀನ ಉಣ್ಣೂ ದಿನ ಚಹಾ ಕಪ್ಪಿಲೆ ಅಕ್ಕಿ ಅಳೀರಿ, ಹಿಡೀಲೆ ಬ್ಯಾಡ."

"ಅದೆಲ್ಲ ಖರೆ. ಇಕಿ ಮೈಯಾಗ ರಕ್ತ ಹೆಂಗ ಬರತೈತಿ?" ಅಜ್ಜಿಗೆ ಇನ್ನೂ ಅನುಮಾನ.

"ಮೆಂತೆ ಪಲ್ಯ, ಹೆಸರಕಾಳು, ಶೇಂಗಾ ಉಣ್ಣಲಿ. ಮ್ಯಾಲ ಲಿಂಬಿಹಣ್ಣು ಹಿಂಡಿದ್ರ ಸತ್ವ ಮೈಗೆ ಛಲೋ ಹತ್ತತೈತಿ. ಉಂಡಕೂಡ್ಲೆ ಚಹಾ ಬ್ಯಾಡ. ಡಾಕ್ಟರ ಕೊಟ್ಟ ಗುಳಿಗಿ ಬಿಡಬಾರದು."

"ದಿನಾ ಅಡಿಗಿ ಮಾಡ್ಕೋತ ಕುಂತ್ರ ಓದೂದ್ಯಾವಾಗ?"

"ನಾಲ್ಕ ದಿನಕ್ಕೊಮ್ಮೆ ಪಾಳಿ ರೀ. ಉಳದ ದಿನ ಬರೇ ತಾಟ ತೊಳದ್ರಾತು."

ಅಜ್ಜಿ ಹುಡುಗಿಯರು ಉಣ್ಣುವುದನ್ನೇ ನೋಡುತ್ತ ಕುಳಿತಳು. ಆಮೇಲೆ ಮಗನಿಗೆ ಫೋನು ಹಚ್ಚಿಸಿದಳು.

"ಹನುಮಣ್ಣಾ, ನಾಳಿ ಬರ್ತೀನಿ. ನಾ ಒಬ್ಬಾಕೀನ."

"ಯವ್ವಾ, ಹುಡುಗಿ?"

"ನಾಳಿ ಅಡಿಗಿ ಪಾಳಿ ಇಕೀದೈತಿ. ಕರಕೊಂಡ ಬಂದ್ರ ಉಳದ ಹುಡುಗ್ಯಾರು ಉಪಾಸ ಬೀಳ್ತಾವ."

ಖೋಲಿ ಹಿಡಿದು ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಒಬ್ಬರಿಗಾಗಿ ಅಡುಗೆ ಮಾಡಲು ಬರದಿದ್ದರೆ ಅದು ನಾಚಿಕೆಯ ಮಾತಲ್ಲ. ಊಟ ಬಿಡಬೇಡಿ, ಪಕ್ಕದ ಬಾಗಿಲು ತಟ್ಟಿ. ಅಲ್ಲಿಯೂ ಒಬ್ಬರು ಚಹಾದಲ್ಲಿ ಬಿಸ್ಕೀಟು ಅದ್ದುತ್ತ ಕುಳಿತಿರಬಹುದು. ಊರಲ್ಲಿರುವ ಹಿರಿಯರೇ, ಫೋನಿನಲ್ಲಿ "ಊಟ ಆತೇನ?" ಎಂದರೆ ಮಕ್ಕಳು "ಆತು" ಎಂದೇ ಹೇಳುತ್ತಾರೆ. ಇವತ್ತು "ಏನ ಉಂಡಿ?" ಎಂದು ಕೇಳಿ ನೋಡಿ.