ಹಲ್ಲಿನ ಸೆಟ್ಟಿಗೆ ಎರಡನೆಯ ಅಸ್ತರು

ಮೊರದಲ್ಲಿ ಜೋಳ ಕೇರುತ್ತ ಪಕ್ಕದ ಮನೆಯ ರಂಜಾನಬಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ತ ಅಂದೆ, ಥ ಅಂದೆ, ದ ಅಂದೆ. ಧ ಅನ್ನುವಷ್ಟರಲ್ಲಿ ಮೇಲಿನ ಹಲ್ಲಿನ ಸೆಟ್ಟು ಕಳಚಿ ಜೋಳದ ಮೇಲೆ ಬಿತ್ತು.

"ಅಯ್ಯ ಮಾಯವ್ವ, ಹೊಲಾ ಬಿಟ್ಟು ಮೊರದಾಗ ಬಿತ್ತಾಕತ್ತಿ ಏನ ಬೇ?" ಎಂದು ರಂಜಾನಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗಬ್ಯಾಡ. ಇದು ಬಿದ್ದರ ನನ್ನ ಮಾಸ್ತರಿಕಿನೂ ಬಿದ್ದಂಗ."

ಖರೆಯೇ ಹೇಳಿದ್ದೆ. ಇಳಕಲ್ಲಿನ ರಾತ್ರಿ ಶಾಲೆಯಲ್ಲಿ ನನಗೆ ಓದು ಕಲಿಸಿದ ಪಂಢರೀನಾಥ ಮಾಸ್ತರರು ಹುನಗುಂದದಲ್ಲಿ ಹೆಂಗಸರಿಗಾಗಿಯೇ ಒಂದು ರಾತ್ರಿ ಶಾಲೆ ತೆರೆಯುವವರಿದ್ದರು. ಕಲಿಸಲು ಬರುವೆಯಾ ಎಂದು ಯುಗಾದಿಗೆ ಮುಂಚೆ ಬರೆದಿದ್ದರು. ಕಾರಹುಣ್ಣಿಮೆ ಕಳೆದರೂ ನಾನು ಉತ್ತರ ಬರೆದಿರಲಿಲ್ಲ. ಓದುಬರಹದ ಬಗ್ಗೆ ನನಗೆ ಅಳುಕಿರಲಿಲ್ಲ. ಆದರೆ ತ, ದ, ನ ಹೇಳುವಾಗ ನಾಲಿಗೆ ಹಲ್ಲಿಗೆ ತಾಗಬೇಕು. ತಾಗಿದ ಕೂಡಲೇ ನನ್ನ ಹಲ್ಲು ಜಾರುತ್ತಿತ್ತು. ನಾನು ತೊದಲಿದರೆ ಕಲಿಯುವವರೂ ತೊದಲುತ್ತಾರೆ.

ಸೆಟ್ಟು ತಿರುಗಿಸಿ ನೋಡಿದೆ. ನನ್ನ ವಸಡು ಸವೆದು ಅದು ಸಡಿಲಾಗಿದೆಯೆಂದು ಬಾಗಲಕೋಟೆಯ ದತ್ತಾತ್ರೇಯ ಡಾಕ್ಟರರು ಹಿಂದಿನ ತಿಂಗಳು ಅದರೊಳಗೆ ಹೊಸ ಅಸ್ತರು ಹಾಕಿದ್ದರು. ಆ ಅಸ್ತರು ಉಬ್ಬಿದ ರೊಟ್ಟಿಯ ಪದರಿನಂತೆ ಎದ್ದು ನಿಂತಿತ್ತು.

ಮರುದಿನ ರಂಜಾನಬಿಯನ್ನು ಕರೆದುಕೊಂಡು ಬಸ್ಸು ಹತ್ತಿ ಬಾಗಲಕೋಟೆಗೆ ಹೋದೆ. ಡಾಕ್ಟರರು ಎದ್ದ ಪದರನ್ನು ಕಿತ್ತು, ಕೆಳಗಿನ ಗುಲಾಬಿ ತಳವನ್ನು ಬೆರಳಿನಿಂದ ಸವರಿ ಮೂಸಿ ನೋಡಿದರು.

"ಮಾಯವ್ವಾ, ಇದಕ್ಕೇನ ಹಚ್ತೀರಿ?"

"ಕುಸುಬಿ ಎಣ್ಣಿರಿ. ಮಗ್ಗದ ಲಾಳಿಗೆ ಹಚ್ಚಿದ್ರ ನುಣ್ಣಗ ಇರತೈತಲ್ರಿ, ಹಂಗ."

"ಅಸ್ತರ ಹಾಕಿದ ದಿನಾನೂ ಹಚ್ಚಿದ್ರೇನು?"

"ಅವತ್ತಂತೂ ಚಂದಂಗಿ ತಿಕ್ಕಿ ಹಚ್ಚಿದ್ದೆ. ನಿಮ್ಮ ಮುಂದ ಹೊಲಸ ಹಲ್ಲ ಇಡಾಕ ಹೆಂಗ ಬರತೈತ್ರಿ?"

"ತಲಿಗೆ ಎಣ್ಣಿ ಕಾಣದಾಕಿ ಹಲ್ಲಿಗೆ ದಿನಾ ಹಚ್ತಾಳ ನೋಡ್ರಿ!" ಎಂದಳು ರಂಜಾನಬಿ.

ಡಾಕ್ಟರರೂ ನಕ್ಕರು. "ನೀವು ಎಣ್ಣಿ ಹಚ್ಚಿದ್ರಿ, ನಾ ತಳಾ ತಿಕ್ಕಲಾರದ ಅಸ್ತರ ಹಾಕಿಬಿಟ್ಟೆ. ಎಣ್ಣಿ ಮ್ಯಾಲ ಅದು ಹಿಡೀಲಿಲ್ಲ. ತಪ್ಪು ಇಬ್ಬರದೂ ಅದ. ಹೊಸಾ ಸೆಟ್ಟ ಮಾಡ್ಸೋಣು. ಅಚ್ಚು ಮುಂಬಯಿಗೆ ಹೋಗಿ ಬರಬೇಕು, ದೀಪಾವಳಿ ಆಗ್ತದ."

ಮಾಸ್ತರರು ದೀಪಾವಳಿಯವರೆಗೆ ಕಾಯುವಂತಿರಲಿಲ್ಲ. "ಇದಕ್ಕ ಇನ್ನೊಮ್ಮೆ ಅಸ್ತರ ಹಾಕಾಕ ಬರೂದಿಲ್ಲೇನ್ರಿ?" ಎಂದು ಕೇಳಿದೆ.

"ಬರ್ತದ. ತಳದಾಗ ಎಣ್ಣಿ ಕುಡದ ಮ್ಯಾಲಿನ ಪದರ ತಿಕ್ಕಿ ತಗೀಬೇಕು. ಆದ್ರ ತಳ ಮೊದಲೇ ತೆಳ್ಳಗದ. ಸೀಳಿದ್ರ ಇದ್ದದ್ದೂ ಹೋಗ್ತದ."

"ತಿಕ್ಕಿದ್ರ ಹೊಸಾದು ಹಳೇದರೊಳಗ ಹೊಗತೈತೇನ್ರಿ?"

"ಹೊಗ್ತದ." ಡಾಕ್ಟರರು ಒಂದು ಶೀಶೆ ಎತ್ತಿ ತೋರಿಸಿದರು. "ಈ ಔಷಧ ಸವರಿದ್ರ ಹಳೇ ತಳ ತುಸು ಮೆತ್ತಗಾಗ್ತದ. ಹೊಸಾದು ಅದರೊಳಗ ಇಳದು ಒಂದಾಗ್ತದ."

ನನಗೆ ಅಷ್ಟು ಸಾಕಾಯಿತು. ಸೀರೆಯ ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತ ವಯಸ್ಸು ಕಳೆದವಳು ನಾನು. ಒಂದರೊಳಗೊಂದು ಹೊಕ್ಕದ್ದು ಎಳೆದರೂ ಬಿಡುವುದಿಲ್ಲ.

"ಹಂಗಾರ ತಿಕ್ಕರಿ," ಎಂದೆ.

"ಏ, ವಿಚಾರ ಮಾಡ ಬೇ. ಸೀಳಿದ್ರ ಗಂಜಿ ಕುಡಕೊಂತ ಕುಂದರತಿ," ಎಂದಳು ರಂಜಾನಬಿ.

"ಕುಡದೇನು ಬಿಡ. ಡಾಕ್ಟರ, ನೀವು ತಿಕ್ಕರಿ."

ಕಾಲಿನಿಂದ ತುಳಿಯುವ ಯಂತ್ರ ಗರಗರ ಎಂದಿತು. ಗುಲಾಬಿ ಪುಡಿ ಮೇಜಿನ ಮೇಲೆ ಉದುರುತ್ತಿತ್ತು. ರಂಜಾನಬಿ ಕಣ್ಣು ಮುಚ್ಚಿಕೊಂಡಳು, ನಾನು ಮುಚ್ಚಲಿಲ್ಲ. ಹೊಳಪೆಲ್ಲ ಹೋಗಿ ತಳ ಒರಟಾದ ಮೇಲೆ ಡಾಕ್ಟರರು ಅದನ್ನು ಸಾಬೂನಿನಿಂದ ತೊಳೆದು ಒಣಗಿಸಿ, ಮೂಗಿಗೆ ಅಡರುವ ಆ ಔಷಧ ಸವರಿದರು. ಹೊಸ ಅಸ್ತರಿನ ಪುಡಿ ಕಲಸಿ ಸೆಟ್ಟಿನೊಳಗೆ ತುಂಬಿ ನನ್ನ ಬಾಯಲ್ಲಿಟ್ಟರು. ವಸಡಿಗೆ ಬಿಸಿ ಹತ್ತಿತು, ನಾಲಿಗೆ ಉರಿಯಿತು. ಅಲುಗದೆ ಕೂತೆ.

ಹೊರಗೆ ತೆಗೆದು ಅಂಚು ನಯಮಾಡಿದ ಮೇಲೆ ಡಾಕ್ಟರರು ಅಸ್ತರಿನ ತುದಿಗೆ ಉಗುರು ಹಾಕಿ ಎಬ್ಬಿಸಲು ನೋಡಿದರು. ಉಗುರಿಗೆ ಸಂದೇ ಸಿಗಲಿಲ್ಲ.

"ವಾರ ತಡದು ನೋಡ್ರಿ," ಎಂದರು.

ತಡೆಯುವುದು ನನಗೆ ಹೊಸದಲ್ಲ. ವಾರವಿಡೀ ಖಡಕ್ ರೊಟ್ಟಿ ಕಡಿದೆ, ಶೇಂಗಾ ತಿಂದೆ, ರಂಜಾನಬಿಯೊಡನೆ ಜಗಳವಾಡಿದೆ. ಹಲ್ಲು ಕದಲಲಿಲ್ಲ. ಆಮೇಲೆ ಕೂತು ಬರೆದೆ: "ಮಾಸ್ತರರಿಗೆ ಮಾಯವ್ವನ ನಮಸ್ಕಾರ. ಉತ್ತರ ತಡವಾಯಿತು. ಹುನಗುಂದಕ್ಕೆ ಬರುತ್ತೇನೆ. ಹಲಗೆ, ಬಳಪ ತರಿಸಿಡಿರಿ."

ಓದಿ ಹೇಳೆಂದಳು ರಂಜಾನಬಿ. ಗಟ್ಟಿಯಾಗಿ ಓದಿದೆ. ಬಳಿಕ ಇಬ್ಬರೂ ಪೇಟೆಗೆ ನಡೆದು ಹೋಗಿ ಅದನ್ನು ಟಪಾಲು ಪೆಟ್ಟಿಗೆಗೆ ಹಾಕಿ ಬಂದೆವು.