ಕೂದಲೆಳೆ ಅಕ್ಷರ

ನಾಲ್ಕು ವರ್ಷ ತಲೆ ಕೆಡಿಸಿಕೊಂಡು ನಾನು ರೂಪಿಸಿದ ಫಾಂಟ್ ಅದು: ಕೂದಲೆಳೆಯಷ್ಟು ತೆಳು, ತುಸು ಓರೆ, ಕಂಪಾಸ್ ಇಟ್ಟು ಎಳೆದಂಥ ದುಂಡು. ಪ್ರತಿ ಅಕ್ಷರವನ್ನೂ ಪರದೆಯ ಮೇಲೆ ಅಂಗೈಯಗಲ ಮಾಡಿಕೊಂಡು ತಿದ್ದಿದ್ದೆ. ಚಿಕ್ಕದಾಗಿ ಅಚ್ಚು ಹಾಕಿ ನೋಡುವ ತಾಳ್ಮೆ ಯಾರಿಗಿತ್ತು? ಸೆಂಟಿನ ಬಾಟಲಿಗೆ ಒಪ್ಪಿತು, ಬಹುಮಾನವೂ ಬಂತು. ಫಲಕ ಅಮ್ಮನ ಮನೆಯ ಗೋಡೆ ಏರಿತು. ಆಮೇಲೆ ಮಾತ್ರೆ ಕಂಪನಿಯೊಂದು ತನ್ನ ಡಬ್ಬಿಗಳಿಗೆಂದು ಆ ಫಾಂಟನ್ನು ಕೊಂಡಿತು.

ಅಮ್ಮ ದಿನಕ್ಕೊಂದರ ಬದಲು ಮೂರು ಮಾತ್ರೆ ನುಂಗಿ ಆಸ್ಪತ್ರೆ ಸೇರಿದಳು. ಮನೆಗೆ ಕರೆತಂದ ದಿನ ಮಾತ್ರೆ ಡಬ್ಬಿ ನೋಡಿದೆ. ನನ್ನ ಅಕ್ಷರಗಳ ಮೇಲೆಯೇ ಪಕ್ಕದ ಮನೆಯಾಕೆ ದಪ್ಪ ಮಾರ್ಕರ್‌ನಲ್ಲಿ ಗೀಚಿದ್ದಳು: ದಿನಕ್ಕೆ ಒಂದೇ.

"ಕೂದಲು ಅಂಟ್ಕೊಂಡಿದೆ ಅಂತ ಉಜ್ಜಿ ಉಜ್ಜಿ ನೋಡ್ದೆ ಕಣೋ," ಅಂದಳು ಅಮ್ಮ. ಆಮೇಲೆ ದನಿ ತಗ್ಗಿಸಿದಳು. "ಇದು ನಿನ್ ಕೆಲಸ ಅಂತ ಅವಳಿಗೆ ಹೇಳಿಲ್ಲ, ಹೆದರ್ಬೇಡ."